ಚಾವಿ ನಮ್ಮ ಮನೆಗೆ ಬಂದ ವಾರ

ನಮ್ಮ ಮೊಮ್ಮಗಳು ಶಾಲಿನಿ ಸಭಾಪಾಲಕಿಯಾದಳು. ಮೊನ್ನೆ ಭಾನುವಾರ ಹುಮನಾಬಾದಿನ ಕ್ರೈಸ್ತ ದೇವಾಲಯದಲ್ಲಿ ಹಿರಿಯ ಬೋಧಕರು ಅವಳ ತಲೆಯ ಮೇಲೆ ಕೈಯಿಟ್ಟು ದೀಕ್ಷೆ ಕೊಟ್ಟರು. ನನ್ನ ಕಿರಿಯ ಮಗನ ಮಗಳು, ನಾನು ಎತ್ತಿ ಆಡಿಸಿದ ಕೂಸು, ಬಿಳಿ ನಿಲುವಂಗಿ ಹಾಕಿಕೊಂಡು ಎಲ್ಲರ ಎದುರಿಗೆ ನಿಂತಿದ್ದಳು. ಎತ್ತರಕ್ಕೆ ಎತ್ತರ, ದನಿಗೆ ದನಿ. ಈ ಸುದ್ದಿಯನ್ನು ನಾನು ಬಸ್ಸಿನ ಕಂಡಕ್ಟರನಿಗೆ ಹೇಳಿದೆ, ಹೂ ಮಾರುವವಳಿಗೆ ಹೇಳಿದೆ, ಕಣ್ಣಿನ ಡಾಕ್ಟರರಿಗೆ ಎರಡು ಸಲ ಹೇಳಿದೆ. ಇನ್ನು ಹೇಳಲು ಯಾರೂ ಉಳಿದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಓದಿದ್ದು ಎರಡನೆಯ ಇಯತ್ತೆ. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ದೀಕ್ಷೆಗೆಂದು ದೇವಾಲಯಕ್ಕೆ ಹೊಸದಾಗಿ ಸುಣ್ಣ ಬಳಿದಿದ್ದರು. ಗೋಡೆ ಇನ್ನೂ ಪೂರ್ತಿ ಒಣಗಿರಲಿಲ್ಲ. ಹಸಿ ಸುಣ್ಣದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಮನಸ್ಸು ಬೋಧಕರ ಪ್ರಸಂಗ ಬಿಟ್ಟು ನನ್ನ ತವರೂರಿಗೆ ಹೋಯಿತು. ಬೋಧಕರು ಏನು ಹೇಳಿದರೋ ಅರ್ಧ ಕೇಳಿಸಲಿಲ್ಲ.

ನನ್ನ ತವರು ಹುಮನಾಬಾದಕ್ಕೂ ಕಲ್ಯಾಣಿಗೂ ನಡುವಿನ ಒಂದು ಹಳ್ಳಿ. ಆಗ ಬಸವಕಲ್ಯಾಣವನ್ನು ಎಲ್ಲರೂ ಕಲ್ಯಾಣಿ ಎಂದೇ ಕರೆಯುತ್ತಿದ್ದರು. ನಾನು ಹೇಳುವುದು ನಿಜಾಮರ ಆಳ್ವಿಕೆ ಮುಗಿದ ವರ್ಷ, ನಲವತ್ತೆಂಟರ ಮಾತು. ನನಗೆ ಸೀರೆ ಉಡಿಸಿ ಒಂದು ವರ್ಷವಾಗಿತ್ತು. ಊರ ಹೊರಗೆ ನಮ್ಮ ಕೇರಿ. ಕೇರಿಯ ತುದಿಗೆ ಮಣ್ಣಿನ ಗೋಡೆಯ ಪ್ರಾರ್ಥನಾ ಮನೆ, ಅದರ ಪಕ್ಕಕ್ಕೆ ಪಾದ್ರಿಯವರ ಮನೆ. ಪಾದ್ರಿಯವರು ತೆಳ್ಳಗಿನ ಮನುಷ್ಯ, ಕಡಿಮೆ ಮಾತಿನವರು. ಗುಡಿಸುವುದರಿಂದ ಹಿಡಿದು ಜಗಳ ಬಿಡಿಸುವವರೆಗೆ ಸಭೆಯ ಕೆಲಸವೆಲ್ಲ ಅವರೊಬ್ಬರದೇ. ನಾವು ಬಂದು ಕುಳಿತು, ಎದ್ದು ಹೋಗುತ್ತಿದ್ದೆವು.

ಆ ಬೇಸಿಗೆಯ ಕೊನೆಗೆ ಅವರು ಹೆಂಡತಿಯನ್ನು ಹೆರಿಗೆಗೆಂದು ಸೊಲ್ಲಾಪುರಕ್ಕೆ ಕರೆದುಕೊಂಡು ಹೋದರು. ಹೋಗುವಾಗ ಪ್ರಾರ್ಥನಾ ಮನೆಯ ಚಾವಿಯನ್ನು ಮಾಣಿಕಪ್ಪನ ಕೈಗೆ ಕೊಟ್ಟು, ತಾವು ಬರುವ ತನಕ ಸಭೆಯನ್ನು ನೋಡಿಕೊಳ್ಳಬೇಕು ಎಂದರು. ಅವರು ಹೋದ ಬೆನ್ನಿಗೆ ನಿಜಾಮರ ಪರ ನಿಂತ ರಜಾಕಾರರ ಗದ್ದಲ ಹೆಚ್ಚಾಯಿತು. ಸೊಲ್ಲಾಪುರ ಗಡಿಯಾಚೆ ಭಾರತ ಸರಕಾರದ್ದು, ನಾವು ನಿಜಾಮರ ಕಡೆಯವರು. ರಸ್ತೆ ಬಂದಾಯಿತು. ವಾರದಲ್ಲಿ ಬರುತ್ತೇನೆ ಎಂದವರು ಬರಲಿಲ್ಲ.

ಮಾಣಿಕಪ್ಪ ನಮ್ಮ ಕೇರಿಯ ಹಿರಿಯ. ಅವನು ಆಯುಷ್ಯವಿಡೀ ಮಾಡಿದ್ದು ಒಂದೇ ಕೆಲಸ, ಬಿಟ್ಟಿ ಪಾಳಿ ನೋಡಿಕೊಳ್ಳುವುದು. ಆಗ ಚಾವಡಿಯಲ್ಲಿ ಗೌಡ ಕರೆದರೆ ನಮ್ಮವರು ಹೋಗಲೇಬೇಕು. ಅಧಿಕಾರಿಗಳ ಸಾಮಾನು ಹೊರಬೇಕು, ಕಟ್ಟಿಗೆ ಒಡೆಯಬೇಕು, ಮುಂದಿನ ಊರಿಗೆ ಸುದ್ದಿ ಮುಟ್ಟಿಸಬೇಕು. ಕೂಲಿ ಇಲ್ಲ. ಈ ಭಾರ ಒಬ್ಬರ ಮೇಲೆ ಬೀಳಬಾರದೆಂದು ಕೇರಿಯಲ್ಲಿ ಒಂದು ಕೋಲು ಇತ್ತು. ಕೋಲು ಯಾರ ಬಾಗಿಲಿಗೆ ಒರಗಿದೆಯೋ ಆ ವಾರ ಅವರ ಪಾಳಿ. ವಾರ ಮುಗಿದರೆ ಪಕ್ಕದ ಮನೆಗೆ. ಗಂಡಸಿಗೆ ಜ್ವರ ಬಂದರೆ ಹೆಂಗಸು ಹೋಗಬೇಕು. ಕೋಲು ಯಾವುದಾದರೂ ಮನೆಯನ್ನು ದಾಟಿ ಮುಂದಕ್ಕೆ ಹೋಯಿತೆಂದರೆ ಆ ಮನೆ ಕೇರಿಯಿಂದ ಹೊರಗೆ. ಅವರಿಗೆ ಬೆಂಕಿ ಕೊಡುವುದಿಲ್ಲ, ನೀರು ಕೊಡುವುದಿಲ್ಲ, ಆ ಮನೆಯ ಹೆಣ್ಣನ್ನು ಯಾರೂ ತರುವುದಿಲ್ಲ.

ಪಾದ್ರಿಯವರು ಚಾವಿ ಕೊಟ್ಟದ್ದು ಮಾಣಿಕಪ್ಪನೊಬ್ಬನಿಗೇ. ಆದರೆ ಜವಾಬ್ದಾರಿ ಹೊರುವುದಕ್ಕೆ ಅವನಿಗೆ ಪಾಳಿ ಬಿಟ್ಟು ಬೇರೆ ದಾರಿ ಗೊತ್ತಿರಲಿಲ್ಲ. ಒಂದು ವಾರ ತಾನು ಇಟ್ಟುಕೊಂಡ. ಶನಿವಾರ ಸಂಜೆ ಚಾವಿಯನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು, "ತಗೋರಿ, ಈ ವಾರ ಸಭಾ ನಿಮ್ದು" ಎಂದ.

ದಾವೀದಪ್ಪನಿಗೆ ಇದು ಸರಿಬರಲಿಲ್ಲ. ಅವನು ಹುಮನಾಬಾದಿನಲ್ಲಿ ಹೊಲಿಗೆ ಅಂಗಡಿ ಇಟ್ಟವನು, ಶನಿವಾರ ಊರಿಗೆ ಬರುತ್ತಿದ್ದ. ಕೇರಿಯಲ್ಲಿ ಬೈಬಲ್ ಪೂರ್ತಿ ಓದಿದವನು ಅವನೊಬ್ಬನೇ.

"ದೇವ್ರ ಸಭಾ ಅಂದ್ರ ಬಿಟ್ಟಿ ಕೆಲಸ ಮಾಡೀರೇನು, ಮಾಣಿಕಪ್ಪ ಕಾಕಾ?" ಎಂದು ಕೇಳಿದ.

"ಬಿಟ್ಟಿ ಅಲ್ಲೇನು ಮತ್ತ? ನಿನಗ್ಯಾರರ ಪಗಾರ ಕೊಡ್ತೀನಿ ಅಂದಾರೇನು?" ಎಂದ ಮಾಣಿಕಪ್ಪ.

ಹೀಗೆ ಶುರುವಾಯಿತು. ಚಾವಿ ಬಂದ ಮನೆಯವರು ಕಸ ಗುಡಿಸಬೇಕು, ದೀಪಕ್ಕೆ ಎಣ್ಣೆ ಹಾಕಬೇಕು, ಮನೆಮನೆಗೆ ಹೋಗಿ ಎಲ್ಲರನ್ನೂ ಮಾತಾಡಿಸಬೇಕು, ಭಾನುವಾರ ಎದುರಿಗೆ ನಿಂತು ಪ್ರಾರ್ಥನೆ ನಡೆಸಬೇಕು. ಬರುವುದಿಲ್ಲ ಎನ್ನುವ ಹಾಗಿಲ್ಲ. ಚಾವಡಿಯ ಕರೆಗೆ ಬರುವುದಿಲ್ಲ ಎಂದವರುಂಟೇ?

ಕಲ್ಲಪ್ಪನ ಪಾಳಿ ಬಂತು. ಅವನಿಗೆ ನಾಲಿಗೆ ತೊಡರುತ್ತಿತ್ತು, ಒಂದು ಮಾತು ಹೊರಗೆ ಬರಬೇಕಾದರೆ ಎದುರಿಗಿದ್ದವರ ಮುಖ ಕೆಂಪಾಗುತ್ತಿತ್ತು. ಅವನು ಭಾನುವಾರ ಎದುರಿಗೆ ಬಂದು ನಿಂತ. ಬಹಳ ಹೊತ್ತು ನಿಂತ. ಆಮೇಲೆ ಮೂಲೆಯಲ್ಲಿ ತಂದಿಟ್ಟಿದ್ದ ಸುಣ್ಣದ ಗಡಿಗೆ ತೋರಿಸಿ, ಗೋಡೆ ತೋರಿಸಿದ. ಆ ದಿನ ಪ್ರಸಂಗ ಆಗಲಿಲ್ಲ. ಇಡೀ ಸಭೆ ಸೇರಿ ಹಾಡು ಹೇಳುತ್ತ ಗೋಡೆಗೆ ಸುಣ್ಣ ಬಳಿಯಿತು. ಬಳಿದು ಮುಗಿದ ಮೇಲೆ ಉಳಿದ ಸುಣ್ಣದಲ್ಲಿ ಮುದುಕಿಯೊಬ್ಬಳ ಮನೆಯ ಗೋಡೆಯನ್ನೂ ಬಳಿದರು. ಅಂಗೈಯೆಲ್ಲ ಉರಿಯುತ್ತಿದ್ದರೂ ಯಾರೂ ಮನೆಗೆ ಹೋಗಲಿಲ್ಲ.

ನಂತರ ಬಾಳಮ್ಮನ ಪಾಳಿ. ಗಂಡ ಸತ್ತವಳು, ಬಾಯಿ ಜೋರು. ಬಾವಿಯ ಹತ್ತಿರ ಅವಳ ಜಗಳ ಕೇಳಿ ಹೊಲದಲ್ಲಿದ್ದ ಎತ್ತುಗಳು ನಿಲ್ಲುತ್ತಿದ್ದವು ಎಂದು ಜನ ನಗುತ್ತಿದ್ದರು. ಅವಳಿಗೆ ಓದು ಬಾರದು. ಕೇಳಿ ಕೇಳಿ ಬಾಯಿಪಾಠವಾಗಿದ್ದ ಒಂದು ಕಥೆ ಇತ್ತು, ಯೇಸುಸ್ವಾಮಿ ಬಾವಿಯ ಕಟ್ಟೆಯ ಮೇಲೆ ಕುಳಿತು ಪರಜಾತಿಯ ಹೆಂಗಸಿಗೆ ನೀರು ಕೇಳಿದ್ದು. ಅದನ್ನು ಹೇಳಿದಳು. ಆಮೇಲೆ, "ನಮ್ಮ ಬಾವಿಗಿ ಹಳ್ಳದಾಚಿ ಮಂದಿ ಬಂದ್ರ ನಾವು ಕೊಡ ಒಡೀತೀವಿ. ನಾನೇ ಒಡದೀನಿ. ಮುಂದಿಂದು ನನಗ ತಿಳೀವಲ್ದು. ಹಾಡು ಹೇಳ್ರಿ" ಎಂದು ಕುಳಿತುಬಿಟ್ಟಳು.

ಹಳ್ಳದಾಚೆಯ ಕೇರಿಯವರೂ ನಮ್ಮಂತೆಯೇ ಊರ ಹೊರಗಿನವರು. ಆದರೆ ಅವರ ಬಾವಿಗೆ ನಾವು ಹೋಗುವಂತಿಲ್ಲ, ನಮ್ಮ ಬಾವಿಗೆ ಅವರು ಬರುವಂತಿಲ್ಲ. ಆ ಮಳೆಗಾಲದಲ್ಲಿ ಹಳ್ಳ ತುಂಬಿ ಹರಿದು ಅವರ ಬಾವಿಗೆ ಕೆಸರು ಬಿತ್ತು. ಅವರ ಹೆಂಗಸರು ಕೊಡ ಹಿಡಿದು ನಮ್ಮ ಬಾವಿಯಿಂದ ದೂರಕ್ಕೆ ಬಂದು ನಿಂತರು. ನಮ್ಮವರೆಲ್ಲ ಬಾಳಮ್ಮನ ಮುಖ ನೋಡಿದರು. ಬಾಳಮ್ಮ ಹಗ್ಗವನ್ನು ಅವರ ಕಡೆ ಎಸೆದು, "ಸೇದಿಕೊಳ್ರಿ. ನಾ ಸೇದಿ ಕೊಡೂದಿಲ್ಲ, ನನ್ನ ಸೊಂಟ ನೋಯ್ತದ" ಎಂದಳು. ಅಷ್ಟೇ ನಡೆದದ್ದು.

ಇಷ್ಟು ಹೊತ್ತಿಗೆ ಚಾವಿ ನಮ್ಮ ಮನೆಗೆ ಹತ್ತಿರವಾಗಿತ್ತು. ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರುತ್ತಿರಲಿಲ್ಲ.

ನನ್ನ ಅಪ್ಪ ನಾಗಪ್ಪ ಶಿಂದಿ ಕುಡಿಯುತ್ತಿದ್ದ. ಹೊಡೆಯುವವನಲ್ಲ, ಬೈಯುವವನಲ್ಲ, ಕುಡಿದರೆ ಹಾಡುವವನು. ಆ ವರ್ಷ ಈಸ್ಟರ್ ದಿನ ಕುಡಿದು ಬಂದು, ಪಾದ್ರಿಯವರ ಪ್ರಸಂಗದ ನಡುವೆ ಎದ್ದು ನಿಂತು ಹೊಲದ ಹಾಡು ಶುರುಮಾಡಿದ್ದ. ಕುಡಿತ ಬಿಡುವ ತನಕ ಒಳಗೆ ಕಾಲಿಡಬೇಡ ಎಂದು ಪಾದ್ರಿಯವರು ಅವನನ್ನು ಹೊರಗಿಟ್ಟಿದ್ದರು. ಈಗ ಚಾವಿ ನಮ್ಮ ಮನೆಗೆ ಬಂದರೆ ಪಾದ್ರಿಯವರ ಮಾತು ಮೀರಿದಂತೆ. ದಾಟಿ ಹೋದರೆ ಕೇರಿಯಿಂದ ಹೊರಗೆ.

ನನಗೆ ಇನ್ನೊಂದು ಭಯವಿತ್ತು. ಕಲ್ಯಾಣಿಯ ಒಂದು ಮನೆಯಿಂದ ನನ್ನನ್ನು ಕೇಳಿಕೊಂಡು ಬಂದಿದ್ದರು. ಹುಡುಗ ಗೌಂಡಿ ಕೆಲಸದವನು. ಅವನನ್ನು ನಾನು ಒಂದು ಸಲ ನೋಡಿದ್ದೆ, ಒಲ್ಲೆ ಎನ್ನುವಂಥದ್ದು ಏನೂ ಕಂಡಿರಲಿಲ್ಲ. ಅವನ ತಾಯಿ ಗೋದಾವರಿಬಾಯಿ ನಮ್ಮ ಅಂಗಳದಲ್ಲಿ ಕುಳಿತು ಚಹಾ ಕುಡಿದು, ಲೋಟ ಕೆಳಗಿಡುತ್ತ ನಮ್ಮ ಅವ್ವನಿಗೆ ಹೇಳಿದ್ದಳು.

"ಹುಡುಗಿ ಮ್ಯಾಲ ನನ್ನ ತಕರಾರು ಇಲ್ಲ, ಅಕ್ಕ. ಚಾವಿ ನಿಮ್ಮ ಮನಿಗಿ ಬರ್ತದೋ ದಾಟ್ತದೋ, ಅದು ನೋಡೂಣು. ಬಂತಂದ್ರ ಸೀರಿ ತರ್ತೀನಿ."

ಆ ನಡುವೆ ಗಣಪತಿ ಹಬ್ಬದ ಆಸುಪಾಸಿಗೆ ಭಾರತದ ಸೈನ್ಯ ಬಂತು. ಹುಮನಾಬಾದಿನ ದೊಡ್ಡ ರಸ್ತೆಯಲ್ಲಿ ಲಾರಿಗಳು ಸಾಲುಗಟ್ಟಿ ಹೋದವು ಎಂದು ದಾವೀದಪ್ಪ ಅಂಗಡಿ ಮುಚ್ಚಿ ಓಡಿಬಂದು ಹೇಳಿದ. ರಜಾಕಾರರ ಭಯ ಹೋಯಿತು, ಸೇಡಿನ ಭಯ ಬಂತು. ಊರೊಳಗೆ ಹತ್ತಿ ಹಿಂಜುವ ಪಿಂಜಾರ ಮಹಬೂಬಸಾಬನ ಮನೆಯ ಬಾಗಿಲು ತೆರೆದುಬಿದ್ದಿತ್ತು, ಒಳಗೆ ಹತ್ತಿ ಗಾಳಿಗೆ ಹಾರಾಡುತ್ತಿತ್ತು. ಯಾರೂ ಯಾರ ಮನೆಗೂ ಹೋಗುತ್ತಿರಲಿಲ್ಲ. ಎಲ್ಲರೂ ಬಾಗಿಲು ಹಾಕಿಕೊಂಡು ಕುಳಿತಿದ್ದರು. ಅಂಥ ಶನಿವಾರವೇ ಚಾವಿ ನಮ್ಮ ಮನೆಗೆ ಬರಬೇಕಾದದ್ದು.

ಪ್ರಾರ್ಥನಾ ಮನೆಯ ಮುಂದಿನ ಬೇವಿನ ಮರದ ಕೆಳಗೆ ಹಿರಿಯರು ಕೂಡಿದರು. ಅವ್ವ ಮತ್ತು ನಾನು ಗೋಡೆಯ ಮಗ್ಗುಲಿಗೆ ನಿಂತಿದ್ದೆವು. ಅಪ್ಪ ಬರಲೇ ಇಲ್ಲ.

ದಾವೀದಪ್ಪ ಎದ್ದು ಹೇಳಿದ. "ನನಗ ನಾಗಪ್ಪನ ಮ್ಯಾಲ ಸಿಟ್ಟಿಲ್ಲ. ಆದ್ರ ಪಾದ್ರಿ ಸಾಹೇಬ್ರು ಹೊರಗಿಟ್ಟಾರ. ಹೊರಗಿಟ್ಟಾವನ ಕೈಯಾಗ ಒಳಗಿನ ಚಾವಿ ಹ್ಯಾಂಗ ಕೊಡ್ತೀರಿ? ನಾಳಿ ಸಾಹೇಬ್ರು ಬಂದ್ರ ಏನು ಮಾರಿ ತೋರಸ್ತೀರಿ?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮಾಣಿಕಪ್ಪ ಎಲೆ ಅಡಿಕೆ ಜಗಿಯುತ್ತ ಕುಳಿತಿದ್ದ. ಅವ್ವನಿಗೆ ತಡೆಯಲಾಗಲಿಲ್ಲ.

"ಕೊಡೂದಾದ್ರ ಕೊಡ್ರಿ, ಇಲ್ಲಾಂದ್ರ ಇಲ್ಲ ಅನ್ರಿ. ಒಲಿಮ್ಯಾಲ ಎಸರು ಇಟ್ಟು ಬಂದೀನಿ" ಎಂದಳು.

ಮಾಣಿಕಪ್ಪ ಪಕ್ಕಕ್ಕೆ ಉಗುಳಿ ಬಾಯಿ ಒರೆಸಿಕೊಂಡ. "ದಾವೀದಪ್ಪ, ಒಂದು ಹೇಳು. ನಾಗಪ್ಪನ ಮನಿಗಿ ಬಿಟ್ಟಿ ಕೋಲು ಹೋಗ್ತದೋ ಇಲ್ಲೋ?"

"ಹೋಗ್ತದ."

"ಕುಡುಕ ಅಂತ ಗೌಡ ಒಂದು ದಿನರ ಬಿಟ್ಟಾನೇನು?"

"ಇಲ್ಲ. ಒದ್ದು ಎಬ್ಬಿಸಿ ಕರ್ಕೊಂಡು ಹೋಗ್ತಾನ."

"ಗೌಡನೇ ಬಿಡೂದಿಲ್ಲ. ಮತ್ತ ದೇವರು ಬಿಡ್ತಾನಂತೇನು?" ಎಂದು ಮಾಣಿಕಪ್ಪ ಎದ್ದ. ಗೋಡೆಯ ಹತ್ತಿರ ಬಂದು ಅವ್ವನ ಕೈಗೆ ಚಾವಿ ಕೊಟ್ಟ. "ಹೋಗವ್ವ, ಎಸರು ಕುದೀತಿರಬೇಕು."

ಅಪ್ಪ ಚಾವಿ ನೋಡಿ ಹೆದರಿದ. ಅದನ್ನು ಕೈಯಿಂದ ಮುಟ್ಟಲಿಲ್ಲ, ಗೂಟಕ್ಕೆ ಹಾಕಿಸಿದ. ಸೋಮವಾರ ಎಂದಿನಂತೆ ಶಿಂದಿ ಅಂಗಡಿಗೆ ಹೋದ. ಹೋದಷ್ಟೇ ಬೇಗ ತಿರುಗಿ ಬಂದ. ಏನಾಯಿತು ಎಂದರೆ ಹೇಳಲೊಲ್ಲ. ಆಮೇಲೆ ಗೊತ್ತಾಯಿತು, ಅಂಗಡಿಯ ಯಜಮಾನ ಸಂಗಣ್ಣ ಗಡಿಗೆಯ ಮೇಲೆ ಕೈ ಮುಚ್ಚಿ ಹೇಳಿದ್ದನಂತೆ, "ನಿಮ್ಮ ಮನ್ಯಾಗ ದೇವ್ರ ಚಾವಿ ಅದ ಅಂತಲ್ಲೋ ನಾಗಪ್ಪ. ಈ ವಾರ ಬ್ಯಾಡಪ್ಪ, ನನಗ ಪಾಪ ಹತ್ತತದ. ಮುಂದಿನ ವಾರ ಬಾ, ಎರಡು ಗಡಿಗಿ ಕುಡಿ."

ಕುಡಿಯಲು ಸಿಗದವನಿಗೆ ಹೊತ್ತು ಹೋಗಬೇಕಲ್ಲ. ಚಾವಿ ಸೊಂಟಕ್ಕೆ ಸಿಗಿಸಿಕೊಂಡು ಮನೆಮನೆಗೆ ಹೋಗಲು ಶುರುಮಾಡಿದ. ಎಲ್ಲರ ಬಾಗಿಲೂ ಮುಚ್ಚಿದ್ದವು. ಇವನು ಬಡಿಯುತ್ತಿದ್ದ. ಯಾರು ಎಂದು ಒಳಗಿನಿಂದ ಕೇಳಿದರೆ, "ಚಾವಿ ಮನಿಯಾವ" ಎನ್ನುತ್ತಿದ್ದ. ಬಾಗಿಲು ತೆರೆಯುತ್ತಿತ್ತು. ಹೇಗಿದ್ದೀರಿ ಎಂದು ಕೇಳಿ, ಒಲೆಯ ಕಡೆ ಒಂದು ಸಲ ನೋಡಿ, ಮುಂದಿನ ಮನೆಗೆ ಹೋಗುತ್ತಿದ್ದ.

ಭಾನುವಾರ ಅವನು ಸ್ನಾನ ಮಾಡಿ ಎದುರಿಗೆ ನಿಂತ. ಬೈಬಲಿನ ಒಂದು ಕೀರ್ತನೆಯನ್ನು ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ನಂತರ ಅಪ್ಪ ಹೇಳಿದ.

"ನನಗ ಬೈಬಲ್ ಬರೂದಿಲ್ಲ. ವಾರ ಪೂರಾ ತಿರುಗೀನಿ, ಅಲ್ಲಿ ಏನು ನೋಡೀನಿ ಅದು ಹೇಳ್ತೀನಿ. ಕಲ್ಲಪ್ಪನ ಮಗಳಿಗಿ ಜ್ವರ ಇಳಿದಿಲ್ಲ. ಶಾಂತಮ್ಮನ ಮನ್ಯಾಗ ಜೋಳ ತೀರ್ಯಾವ, ಆಕಿ ಬಾಯಿಬಿಟ್ಟು ಹೇಳೂದಿಲ್ಲ. ದಾವೀದಪ್ಪನ ತಾಯಿ ಹೆದರಿಕೊಂಡಾಳ, ಮಗ ತಿರುಗಿ ಹುಮನಾಬಾದಿಗಿ ಹೋಗಬಾರದು ಅಂತಾಳ. ಊರಾಗ ಪಿಂಜಾರ ಮಹಬೂಬಸಾಬನ ಮುದುಕಿ ತಾಯಿ ಒಬ್ಬಾಕೀನೇ ಉಳದಾಳ, ಉಳದೋರು ಎಲ್ಲಿಗಿ ಹೋಗ್ಯಾರೋ ತಿಳೀದು. ಆಕಿ ಒಲಿ ಹತ್ತಿಲ್ಲ."

"ಆಕಿ ನಮ್ಮ ಸಭಾದಾಕಿ ಅಲ್ಲಲ್ಲ" ಎಂದ ದಾವೀದಪ್ಪ. ಸಿಟ್ಟಿನಿಂದಲ್ಲ, ಮೆಲ್ಲಗೆ.

"ಖರೇ. ನಾ ಬಾಗಿಲಾ ನೋಡ್ಕೊಂತ ಹೋದೆ, ಸಭಾ ನೋಡ್ಕೊಂತ ಹೋಗಲಿಲ್ಲ" ಎಂದ ಅಪ್ಪ. ಆಮೇಲೆ ತಲೆ ತಗ್ಗಿಸಿ, "ಇನ್ನ ಪ್ರಾರ್ಥನಾ ನೀವು ಯಾರರ ಮಾಡ್ರಿ. ನಾ ಮಾಡಿದ್ರ ದೇವ್ರಿಗಿ ನಗಿ ಬರ್ತದ" ಎಂದ.

ಬಾಳಮ್ಮ ಕುಳಿತಲ್ಲಿಂದಲೇ ಹೇಳಿದಳು. "ನಗಲಿ ಬಿಡು. ಈ ವರ್ಷ ಆತಗ ನಗೂವಂಥಾದು ಏನು ತೋರಿಸೀವಿ?"

ಅಪ್ಪ ಪ್ರಾರ್ಥನೆ ಮಾಡಿದ. ಏನು ಹೇಳಿದನೋ ನನಗೆ ನೆನಪಿಲ್ಲ, ನಾನು ಕಣ್ಣು ತೆರೆದು ಬಾಗಿಲ ಕಡೆ ನೋಡುತ್ತಿದ್ದೆ. ಚಾವಿಯ ಸುದ್ದಿ ಒಯ್ಯಲು ಬಂದ ಗೋದಾವರಿಬಾಯಿಯ ತಮ್ಮ ಅಲ್ಲಿ ನಿಂತಿದ್ದ. ಆ ಮಧ್ಯಾಹ್ನ ಶಾಂತಮ್ಮನ ಮನೆಗೂ ಪಿಂಜಾರರ ಮುದುಕಿಗೂ ರೊಟ್ಟಿ ಹೋದವು. ಮುದುಕಿಗೆ ಒಯ್ದು ಕೊಟ್ಟವನು ದಾವೀದಪ್ಪ.

ಅಪ್ಪ ಕುಡಿತ ಬಿಟ್ಟನೆಂದು ಬರೆದರೆ ಚೆಂದ ಕಾಣುತ್ತದೆ. ಬಿಡಲಿಲ್ಲ. ಚಾವಿ ಮುಂದಿನ ಮನೆಗೆ ಹೋದ ಮರುದಿನ ಸಂಗಣ್ಣನ ಅಂಗಡಿಗೆ ಹೋದ.

ಚಳಿಗಾಲ ಕಳೆಯುವಷ್ಟರಲ್ಲಿ ಹಳ್ಳದಾಚೆಯಿಂದ ಒಂದೊಂದೇ ಮನೆಯವರು ಪ್ರಾರ್ಥನೆಗೆ ಬರತೊಡಗಿದರು. ನಮ್ಮವರು ಯಾರೂ ಹೋಗಿ ಕರೆದಿರಲಿಲ್ಲ. ಅವರ ಹಿರಿಯನೊಬ್ಬ ಮಾಣಿಕಪ್ಪನನ್ನು ಕೇಳಿದ್ದು ಒಂದೇ ಮಾತು, "ನಾವು ಬಂದ್ರ ನಮಗೂ ಪಾಳಿ ಬರ್ತದೇನು, ಬರೇ ಕೂಡಬೇಕೇನು?" ಬರುತ್ತದೆ ಎಂದ ಮಾಣಿಕಪ್ಪ. ಅವರು ಬಂದರು. ಪ್ರಾರ್ಥನಾ ಮನೆ ಸಾಲದೆ ಜನ ಬೇವಿನ ಮರದ ಕೆಳಗೆ ಕುಳಿತರು. ಸಭೆ ಬೆಳೆಯುವುದು ಹೇಗೆಂದು ಈಗ ದೊಡ್ಡ ಕೂಟಗಳಲ್ಲಿ ಮೈಕು ಹಿಡಿದು ಹೇಳುತ್ತಾರೆ. ನಾನು ಕಣ್ಣಾರೆ ಕಂಡದ್ದು ಹೀಗೆ.

ಜೋಳದ ರಾಶಿ ಮುಗಿದ ಮೇಲೆ ಪಾದ್ರಿಯವರು ಹೆಂಡತಿ, ಕೂಸಿನೊಡನೆ ಬಂದರು. ಮರದ ಕೆಳಗಿನ ಜನ ನೋಡಿ ಮೊದಲು ಸಂತೋಷಪಟ್ಟರು. ನಡೆದದ್ದು ತಿಳಿದ ಮೇಲೆ ಮುಖ ಗಂಭೀರವಾಯಿತು. ಚಾವಿ ತರಲು ಹೇಳಿದರು.

"ಚಾವಿ ಹಳ್ಳದಾಚಿ ಅದರಿ. ಈ ವಾರ ಅವ್ರ ಮೊದಲನೇ ಪಾಳಿ" ಎಂದ ಮಾಣಿಕಪ್ಪ.

"ನಾನು ಕೊಟ್ಟದ್ದು ನಿಮಗೊಬ್ಬರಿಗೆ, ಮಾಣಿಕಪ್ಪ."

"ಹೌದ್ರಿ ಸಾಹೇಬ್ರ. ಗೌಡನ ಗಂಟು ಹೊರೂದಕ್ಕ ಎಲ್ಲಾರೂ ಬೇಕು, ದೇವ್ರ ಚಾವಿ ಹಿಡಿಯೂದಕ್ಕ ಒಬ್ಬನೇ ಏನು ಅಂತ ಮಂದಿ ಕೇಳಿದ್ರ ನಾ ಏನು ಹೇಳ್ಲಿ?"

ಪಾದ್ರಿಯವರು ಅಂದು ಸಂಜೆಯೇ ನಮ್ಮ ಮನೆಗೆ ಬಂದರು. ಅಪ್ಪ ಗೋಡೆಗೆ ಅಂಟಿಕೊಂಡು ನಿಂತ. ನನಗೆ ನನ್ನ ಸೀರೆಯದೇ ಚಿಂತೆ. ಚಾವಿ ಬಂದದ್ದು ತಪ್ಪು ಎಂದು ಇವರು ಹೇಳಿಬಿಟ್ಟರೆ ಗೋದಾವರಿಬಾಯಿ ತಿರುಗಿ ನೋಡುವುದಿಲ್ಲ.

"ಕುಡಿಯುವುದು ಬಿಟ್ಟೀಯೇನಪ್ಪ?" ಎಂದು ಕೇಳಿದರು.

"ಪೂರಾ ಬಿಟ್ಟಿಲ್ರಿ. ಪಾಳಿ ವಾರ ಬಿಡ್ತೀನ್ರಿ" ಎಂದ ಅಪ್ಪ.

ಅವ್ವ ಒಳಗಿನಿಂದ ಹೇಳಿದಳು. "ಅದೇ ನನ್ನ ಸಂಕಟರಿ, ಸಾಹೇಬ್ರ. ಸಭಾ ಬೆಳ್ಯಾಕತ್ತದ ಅಂತ ನೀವೆಲ್ಲಾ ಖುಷಿ ಪಡಾಕತ್ತೀರಿ. ಮನಿ ಹೆಚ್ಚಾದಂಗ ನಮ್ಮ ಪಾಳಿ ದೂರ ಹೋಗ್ತದ. ಈವ ಕುಡಿಯೂ ವಾರ ಹೆಚ್ಚಾಗ್ತಾವ. ನಾ ಯಾರಿಗಿ ಹೇಳ್ಲಿ?"

ಪಾದ್ರಿಯವರು ಒಳಗಿನ ಕಡೆ ನೋಡಿದರು. ಕೆಳಗೆ ನೋಡಿದರು. ಅವರು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮುಂದಿನ ಭಾನುವಾರ ಅವರು ಚಾವಿ ಕೇಳಲಿಲ್ಲ. ಚಾವಿ ಪಾಳಿಯಲ್ಲೇ ಇರಲಿ, ತಾವು ಎಲ್ಲರಿಗಿಂತ ಕೊನೆಗೆ ಬಂದದ್ದರಿಂದ ತಮ್ಮ ಪಾಳಿ ಕೊನೆಗೆ ಬರಲಿ ಎಂದರು. ಕೆಲಸ ಮಾತ್ರ ಬೇರೆ ಬೇರೆ ಮಾಡಿದರು. ರೋಗಿಗಳನ್ನು ನೋಡಿ ಬರುವ ಪಾಳಿ ಒಬ್ಬರದು, ಮುಷ್ಟಿ ಜೋಳ ಕೂಡಿಸಿ ಇಲ್ಲದವರಿಗೆ ಮುಟ್ಟಿಸುವುದು ಇನ್ನೊಬ್ಬರದು, ಬಾವಿಯ ಜಗಳ ಬಿಡಿಸುವುದು ಮತ್ತೊಬ್ಬರದು. ದಾವೀದಪ್ಪನಿಗೆ ಓದು ಕಲಿಸುವ ಕೆಲಸ ಕೊಟ್ಟರು. ಪ್ರತಿ ವಾರ ಯಾವುದೋ ಒಂದು ಪಾಳಿ ಸುತ್ತಿ ಬಂದು ನಮ್ಮ ಬಾಗಿಲಿಗೆ ನಿಲ್ಲುತ್ತಿತ್ತು. ಅಪ್ಪನಿಗೆ ಕುಡಿಯಲು ವಾರವೇ ಸಿಗದಂತಾಯಿತು. ಸಂಗಣ್ಣ ಪಾದ್ರಿಯವರನ್ನು ಕಂಡಾಗ, "ಸಾಹೇಬ್ರ, ನನ್ನ ಗಿರಾಕಿ ಒಬ್ಬ ಕಡಿಮಿ ಮಾಡಿದ್ರಿ" ಎನ್ನತೊಡಗಿದ. ಆದರೂ ಪಾದ್ರಿಯವರು ರೊಟ್ಟಿ-ದ್ರಾಕ್ಷಾರಸದ ಕರ್ತನ ಭೋಜನಕ್ಕೆ ಅಪ್ಪನನ್ನು ಕೂಡಲೇ ಕರೆಯಲಿಲ್ಲ. ಐವತ್ತರ ಈಸ್ಟರ್ ದಿನ ಕರೆದರು. ಅಪ್ಪ ಎಲ್ಲರ ಜೊತೆ ಕುಳಿತ. ಹಾಡಲಿಲ್ಲ.

ಪಾದ್ರಿಯವರ ಮಾತಿಗೆ ಕಾದಿದ್ದ ಗೋದಾವರಿಬಾಯಿ ಆ ಬೇಸಿಗೆಯಲ್ಲೇ ಹಸಿರು ಸೀರೆ ತಂದಳು. ನಾನು ಕಲ್ಯಾಣಿಗೆ ಬಂದೆ. ಇಲ್ಲೇ ಮಕ್ಕಳಾದರು, ಮೊಮ್ಮಕ್ಕಳಾದರು.

ಮೊನ್ನೆ ದೀಕ್ಷೆ ಮುಗಿಸಿ ಎಲ್ಲರೂ ಕಲ್ಯಾಣಿಯ ಮನೆಗೆ ಬಂದೆವು. ಸೊಸೆಯಂದಿರು ರೊಟ್ಟಿ ಬಡಿದರು, ಕೋಳಿ ಸಾರು, ಪುಂಡಿಪಲ್ಯ, ಗೋಧಿ ಹುಗ್ಗಿ. ಸಾಲಾಗಿ ನೆಲದ ಮೇಲೆ ಕುಳಿತೆವು. ನನ್ನ ಹಿರಿಯ ಮಗ ರಾಜು ಬಾಗಿಲ ಹತ್ತಿರ ಕುಳಿತಿದ್ದ. ಸಭೆಯ ಹಿರಿಯರ ಜೊತೆ ಯಾವಾಗಲೋ ಆದ ಮನಸ್ತಾಪ, ಅವನು ದೇವಾಲಯದ ಒಳಗೆ ಹೋಗುವುದನ್ನು ಬಿಟ್ಟು ವರ್ಷಗಳಾಗಿವೆ. ಬೆಳಿಗ್ಗೆ ತಮ್ಮನ ಮಗಳ ದೀಕ್ಷೆಗೂ ಗೇಟಿನ ಹೊರಗೆ ನಿಂತೇ ಮುಗಿಸಿದ್ದ.

ತಟ್ಟೆಗೆ ಬಡಿಸಿಯಾಯಿತು. ಹೊಸ ಪಾಲಕಿ ಪ್ರಾರ್ಥನೆ ಮಾಡಲಿ ಎಂದು ಎಲ್ಲರೂ ಶಾಲಿನಿಯ ಕಡೆ ನೋಡಿದರು. ಅವಳು ಬಾಗಿಲ ಕಡೆ ನೋಡಿ, "ದೊಡ್ಡಪ್ಪ, ಊಟದ ಪ್ರಾರ್ಥನಾ ನೀವು ಮಾಡ್ರಿ" ಎಂದಳು.

"ನಾನೇನು ಮಾಡ್ತೀನವ್ವ? ಪಾದ್ರಿ ಆದಾಕಿ ನೀನು."

"ಮುಂಜಾನಿಂದ ಮಾತಾಡಿ ನನ್ನ ಗಂಟಲು ಕಟ್ಟ್ಯಾದ. ನೀವೇ ಮಾಡ್ರಿ. ಸಾರು ಆರಾಕತ್ತದ."

ರಾಜು ನನ್ನ ಮುಖ ನೋಡಿದ. ನಾನು ಕಣ್ಣು ಮುಚ್ಚಿಕೊಂಡೆ. ಸಣ್ಣ ಮೊಮ್ಮಗ ರೊಟ್ಟಿ ಮುರಿದದ್ದು ಕೇಳಿಸಿತು. ಆಮೇಲೆ ಅವನ ದನಿ ಬಂತು. "ಸ್ವಾಮಿ, ಈ ಹುಡುಗಿಗಿ ಕಾಯಿ. ಇಲ್ಲಿ ಕೂತೋರಿಗೆಲ್ಲಾ ಊಟ ಸಾಕಾಗ್ಲಿ."

ಆಮೆನ್ ಎಂದು ಎಲ್ಲರಿಗಿಂತ ಜೋರಾಗಿ ಹೇಳಿದ್ದು ನಾನು. ಊಟ ಸಾಕಾಯಿತು. ರಾಜು ಹುಗ್ಗಿಯನ್ನು ಎರಡನೆಯ ಸಲ ಹಾಕಿಸಿಕೊಂಡ, ತುಪ್ಪವನ್ನು ಕೇಳಿ ಹಾಕಿಸಿಕೊಂಡ.